ಬಾಯಿಬದಲಿ

ನಮ್ಮ ಯಜಮಾನರ ದನಿ ಮಗಳಿಗೆ ಕೇಳಿಸುವುದು ನಿಂತು ಎಷ್ಟು ದಿನವಾಗಿತ್ತೋ, ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅವರಿಗೂ ಗೊತ್ತಾಗಿರಲಿಲ್ಲ. ಹಿಟ್ಟಿನ ಗಿರಣಿ ನಡೆಸುವ ಮನುಷ್ಯ. ದಿನವಿಡೀ ಯಂತ್ರದ ಸದ್ದಿನಲ್ಲಿ ಕೈಸನ್ನೆಯಲ್ಲೇ ವ್ಯಾಪಾರ ಮಾಡಿ, ಮನೆಗೆ ಬಂದ ಮೇಲೂ ಅದೇ ಅಭ್ಯಾಸ. ಒಂದು ಭಾನುವಾರ ಊಟಕ್ಕೆ ಕೂತಾಗ ಅಪರೂಪಕ್ಕೆ ಬಾಯಿಬಿಟ್ಟು, “ಮೇದಿನಿ, ಉಪ್ಪಿನಕಾಯಿ ಇತ್ಲಾಗೆ ಕೊಡಮ್ಮ” ಅಂದರು. ಅವಳು ತಲೆ ಎತ್ತಲಿಲ್ಲ. ಇನ್ನೊಮ್ಮೆ ಅಂದರು. ಅವಳು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕಲಸುತ್ತಲೇ ಇದ್ದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರು ತಾವೇ ಕೈ ಚಾಚಿ ಉಪ್ಪಿನಕಾಯಿ ಬಡಿಸಿಕೊಂಡರು, ಆದರೆ ಅದನ್ನು ತಿನ್ನಲಿಲ್ಲ.

ನಮ್ಮೂರಲ್ಲಿ ಹಾಗೆಯೇ. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಹೆತ್ತವರ ದನಿ ಅವರಿಗೆ ಕೇಳಿಸುವುದು ನಿಲ್ಲುತ್ತದೆ. ಬೇರೆಯದೆಲ್ಲ ಕೇಳಿಸುತ್ತದೆ, ಬೀದಿನಾಯಿಯದು, ಸೊಪ್ಪು ಮಾರುವವಳದು, ಪಕ್ಕದ ಮನೆ ರೇಡಿಯೋದ್ದು. ಹೆತ್ತವರದು ಮಾತ್ರ ಇಲ್ಲ. ಮೊದಲು ದೂರದಿಂದ ಕೂಗಿದ್ದು ಹೋಗುತ್ತದೆ, ಆಮೇಲೆ ಪಕ್ಕದ ಕೋಣೆಯಿಂದ ಅಂದದ್ದು, ಕೊನೆಗೆ ಕಿವಿಯ ಬಳಿ ಬಾಯಿಟ್ಟು ಹೇಳಿದ್ದೂ. ಎಂದೋ ಒಂದು ದಿನ ಅದು ಮರಳುತ್ತದೆ, ಯಾವಾಗ ಅಂತ ಯಾರೂ ಹೇಳಲಾರರು. ನನಗೆ ನಮ್ಮಮ್ಮನ ದನಿ ಮರಳಿದ್ದು ಮದುವೆಯಾಗಿ ತವರಿಗೆ ಬಂದಿದ್ದಾಗ. ಹಾಲಿಗೆ ನೀರು ಬೆರೆಸಿದ್ದಕ್ಕೆ ಅವಳು ಹಾಲಿನವನ ಜನ್ಮ ಜಾಲಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ, ಹಾಲಿನವನು ನಾನು ತನ್ನ ಪರವಾಗಿ ಅಳುತ್ತಿದ್ದೇನೆ ಅಂದುಕೊಂಡ. ಕೆಲವರಿಗೆ ಕಿವಿ ಮರಳುವ ಹೊತ್ತಿಗೆ ಆ ಕಡೆ ಮಾತಾಡುವವರೇ ಇರುವುದಿಲ್ಲ.

ನನಗೆ ಇದು ಬೇರೆ ತಾಯಂದಿರಿಗಿಂತ ಹೆಚ್ಚು ಉರಿಯಿತು. ಯಾಕೆಂದರೆ ನಾನು ಮಾತಿನಿಂದಲೇ ಅನ್ನ ತಿನ್ನುವವಳು. ಬಸ್ ಸ್ಟ್ಯಾಂಡಿನ ಮಹಡಿಯ ಮೇಲೆ ಒಂದು ಗಾಜಿನ ಕೋಣೆ ಇದೆ. ಅಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವುದು ದಾರಿಯಲ್ಲಿ ಕೆಟ್ಟು ನಿಂತಿದೆ ಅಂತ ಹೇಳುವುದು ನನ್ನ ಕೆಲಸ. ನನ್ನ ದನಿ ಊರಿನ ಮೂಲೆ ಮೂಲೆಗೂ ಕೇಳಿಸುತ್ತದೆ. ಹೆಂಗಸರು ನಾನು ಮಧ್ಯಾಹ್ನದ ಬಸ್ಸಿನ ಹೆಸರು ಹೇಳಿದ ಮೇಲೆ ಅನ್ನಕ್ಕೆ ಇಡುತ್ತಾರೆ. ಮೇದಿನಿ ಚಿಕ್ಕವಳಿದ್ದಾಗ ಶಾಲೆಯ ಕಿಟಕಿಯಿಂದ ಕೇಳಿಸಿಕೊಂಡು, “ಅಮ್ಮಂಗೆ ಇವತ್ತು ತಲೆನೋವು” ಅಂತಲೋ, “ಇವತ್ತು ಯಾರ ಮೇಲೋ ರೇಗಿದಾಳೆ, ಊರಿನ ಹೆಸರನ್ನೆಲ್ಲ ಕಚ್ಚಿ ಕಚ್ಚಿ ಹೇಳ್ತಿದಾಳೆ” ಅಂತಲೋ ಪಕ್ಕದವಳಿಗೆ ಹೇಳುತ್ತಿದ್ದಳಂತೆ. ಸಂಜೆ ಬಂದವಳೇ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ನನ್ನ ತಲೆನೋವನ್ನು ಅಷ್ಟು ದೂರದಿಂದ ಕಂಡುಹಿಡಿದವರು ಇನ್ನೊಬ್ಬರಿಲ್ಲ. ಪಕ್ಕದಲ್ಲೇ ಮಲಗುವ ಯಜಮಾನರೂ ಇಲ್ಲ.

ಆಗೆಲ್ಲ ನಾನು ಮನೆ ಮೆಟ್ಟಿಲ ಮೇಲೆ ನಿಂತು “ಮೇದೂ” ಅಂತ ಕೂಗಿದರೆ ಸಾಕು, ಬೀದಿಯ ಆ ತುದಿಯಿಂದ “ಏನಮ್ಮಾ” ಅನ್ನುತ್ತ ಓಡಿ ಬರುತ್ತಿದ್ದಳು, ಕೈಯಲ್ಲಿ ಅರ್ಧ ಕಚ್ಚಿದ ಸೀಬೆಕಾಯಿ, ಮಂಡಿಯ ಮೇಲೆ ಮಣ್ಣು. ಎಷ್ಟೋ ಸಲ ನನಗೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಸುಮ್ಮನೆ ಕೂಗಿರುತ್ತಿದ್ದೆ. ಬಂದು ಎದುರು ನಿಂತವಳಿಗೆ, “ಏನಿಲ್ಲ, ಹೋಗು ಆಡ್ಕೋ” ಅಂದರೆ, ಹಾಗಾದರೆ ಕೂಗಿದ್ದು ಯಾಕೆ ಅಂತ ಜಗಳ ತೆಗೆಯುತ್ತಿದ್ದಳು. ಇವತ್ತಿಗೂ ಆ ಮೆಟ್ಟಿಲ ಮೇಲೆ ನಿಂತರೆ ನನ್ನ ಗಂಟಲು ತಾನೇ ಸಿದ್ಧವಾಗುತ್ತದೆ.

ನನ್ನ ದನಿ ಹೋಗಲು ಶುರುವಾದದ್ದೂ ಅಲ್ಲೇ ಗೊತ್ತಾಯಿತು. ಅವಳು ಬೋರ್‌ವೆಲ್ ಬಳಿ ಗೆಳತಿಯರ ಜೊತೆ ನಿಂತಿದ್ದಳು. ಕೂಗಿದೆ. ಉಳಿದ ಹುಡುಗಿಯರೆಲ್ಲ ತಿರುಗಿದರು. ಅವರು ನೋಡುತ್ತಿರುವುದನ್ನು ನೋಡಿ ಅವಳೂ ತಿರುಗಿದಳು. ನನ್ನನ್ನು ಕಂಡ ಕೂಡಲೇ ಅವಳ ಮುಖ ಸಣ್ಣದಾಯಿತು. ನೀರಿನ ಕೊಡ ಅಲ್ಲೇ ಬಿಟ್ಟು ಓಡಿ ಬಂದು ಮೆಟ್ಟಿಲ ಮೇಲೆ ನನಗೆ ತಾಗಿ ಕೂತು, “ಈಗ ಹೇಳು. ಇಲ್ಲಿಂದ ಕೇಳ್ಸುತ್ತೆ” ಅಂದಳು.

ಆ ಮೇಲಿನ ಕೆಲವು ವಾರ ನನ್ನ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ದೊಡ್ಡವಳಾಗುತ್ತ ಬಂದ ಮೇಲೆ ನಾನು ತಲೆ ಸವರಿದರೂ ಕೊಸರಿಕೊಳ್ಳುತ್ತಿದ್ದ ಹುಡುಗಿ, ನನ್ನ ಮಾತು ಕೇಳಬೇಕು ಅಂತ ದಿನದಿನಕ್ಕೆ ಹತ್ತಿರ ಬಂದು ಕೂರತೊಡಗಿದಳು. ಮೊದಲು ಪಕ್ಕದ ಮಣೆಯ ಮೇಲೆ, ಆಮೇಲೆ ನನ್ನ ಮಂಡಿಗೆ ಮಂಡಿ ತಾಗಿಸಿ, ಕೊನೆಗೆ ನನ್ನ ಭುಜದ ಮೇಲೆ ಕಿವಿ ಇಟ್ಟು. ಅವಳ ಕೂದಲಿನ ಸೀಗೆಕಾಯಿ ವಾಸನೆ ನನ್ನ ಮೂಗಿಗೆ ಬರುತ್ತಿತ್ತು. ಊರಿಗೆಲ್ಲ ಮಾತಾಡುವ ನನಗೆ ಆಗ ಏನು ಹೇಳಬೇಕೋ ಹೊಳೆಯಲೇ ಇಲ್ಲ. ತಲೆಗೆ ಎಣ್ಣೆ ಹಚ್ಚಿಕೋ, ಒದ್ದೆ ಕೂದಲು ಬಿಟ್ಟುಕೊಂಡು ತಿರುಗಬೇಡ, ಊಟದ ಮಧ್ಯೆ ನೀರು ಕುಡಿಯಬೇಡ, ಇದನ್ನೇ ಹೇಳಿದೆ. ಅವಳು ಅದನ್ನೂ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಒಂದು ಬೆಳಿಗ್ಗೆ ಹಾಗೇ ಭುಜದ ಮೇಲೆ ಕಿವಿ ಇಟ್ಟು ಸ್ವಲ್ಪ ಹೊತ್ತು ಕಾದು, “ಹೇಳಮ್ಮ” ಅಂದಳು. ನಾನು ಆಗಲೇ ಹೇಳುತ್ತಿದ್ದೆ.

ಇಂಥ ಮನೆಗಳಿಗೆ ನಮ್ಮೂರಲ್ಲಿ ಬಾಯಿಬದಲಿ ಅಂತ ಒಂದು ಪದ್ಧತಿ ಇದೆ. ಹೀಗೆ ಕಿವಿ ಹೋದ ಮಕ್ಕಳಿರುವ ಎರಡು ಮನೆಯವರು ಎಲೆಅಡಿಕೆ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ನನ್ನ ಮಗಳಿಗೆ ಹೇಳಬೇಕಾದ್ದನ್ನು ನಾನು ನಿನಗೆ ಹೇಳುತ್ತೇನೆ, ನೀನು ಹೋಗಿ ಅವಳಿಗೆ ಹೇಳು. ನಿನ್ನ ಮಗನಿಗೆ ಹೇಳಬೇಕಾದ್ದನ್ನು ನಾನು ಹೇಳುತ್ತೇನೆ. ಬಾಯಿಯಾದವರು ಹೇಳಿದ್ದನ್ನು ಹೇಳಿದ ಹಾಗೇ ಮುಟ್ಟಿಸಬೇಕು. ಅವರು ಮುಟ್ಟಿಸುವಾಗ ಹೆತ್ತವರು ಎದುರಿಗೆ ನಿಲ್ಲಬಾರದು, ಒಳಗಿರಬೇಕು. ಬೇರೆ ಯಾರೂ ಆ ಮಾತನ್ನು ಒಯ್ಯಬಾರದು. ಬಾಯಿಬದಲಿಯ ಮಾತನ್ನು ಮಕ್ಕಳು ಅನುಮಾನಿಸಬಾರದು. ಅನುಮಾನಿಸುವುದೂ ಇಲ್ಲ. ಚೀಟಿ ಬರೆದು ಇಡುವುದನ್ನು ನಮ್ಮವರು ಮನೆಯ ಮಗುವಿಗೆ ನೋಟೀಸು ಕೊಟ್ಟ ಹಾಗೆ ಅಂತ ಹೀಯಾಳಿಸುತ್ತಾರೆ.

ನಮಗೆ ಬಾಯಿಯಾಗಿ ಸಿಕ್ಕವಳು ಎದುರು ಮನೆ ಹೊನ್ನಕ್ಕ. ಅವಳ ಮಗ ಶಶಿಧರನಿಗೂ ಅದೇ ವಯಸ್ಸು. ಹೊನ್ನಕ್ಕನಂಥ ಒಳ್ಳೆಯವಳು ಊರಲ್ಲೇ ಇಲ್ಲ, ನನ್ನ ತೊಂದರೆ ಅದೇ ಆಯಿತು. ಅವಳ ಬಾಯಲ್ಲಿ ಒಂದು ಗಟ್ಟಿ ಮಾತು ಹೊರಡುವುದಿಲ್ಲ. ಅಂಗಳಕ್ಕೆ ನುಗ್ಗಿದ ಹಸುವನ್ನು “ಹೋಗಮ್ಮ ತಾಯಿ” ಅಂತ ಕಳಿಸುವ ಹೆಂಗಸು. ನಾನು ಅಡುಗೆಮನೆಯಿಂದ, “ಸೂರ್ಯ ನೆತ್ತಿಗೆ ಬಂದ, ಇನ್ನೂ ಬಿದ್ಕೊಂಡಿದಾಳಲ್ಲ, ಎದ್ದೇಳು ಅನ್ನು ಆ ಸೋಮಾರಿಗೆ” ಅಂದರೆ, ಹೊನ್ನಕ್ಕ ಕೋಣೆಗೆ ಹೋಗಿ, “ಏಳ್ತೀಯಾ ಪುಟ್ಟಾ, ಅಮ್ಮ ಕರೀತಿದಾಳೆ” ಅನ್ನುತ್ತಿದ್ದಳು. ಗೋಡೆಯ ಈಚೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ. ಆದರೆ ಯಾವ ಬಾಯಲ್ಲಿ ಹೇಳಲಿ? ನಾನು ಶಶಿಧರನ ಬಳಿ ಹೋಗಿ “ಊಟ ಮಾಡಪ್ಪ ಅಂತಿದಾಳೆ ನಿಮ್ಮಮ್ಮ” ಅನ್ನಬೇಕು ಅಂತಲೇ ಹೊರಟಿರುತ್ತಿದ್ದೆ, ಹೊಸ್ತಿಲು ದಾಟುವಷ್ಟರಲ್ಲಿ ಅದು, “ತಿಂತೀಯೋ, ಎತ್ತಿ ಇಡ್ಲೋ?” ಆಗಿರುತ್ತಿತ್ತು. ಪಾಪದ ಹುಡುಗ, ತನ್ನ ತಾಯಿಗೆ ಏನಾಯಿತು ಅಂತ ಬೆಚ್ಚಿ, ಬೆಳಗಾಗುವ ಮುಂಚೆ ಎದ್ದು ಅಂಗಳ ಗುಡಿಸತೊಡಗಿದ್ದ.

ಹೀಗಿರುವಾಗ ಮೇದಿನಿ ಕಡಲೂರಿಗೆ ಹೋಗುತ್ತೇನೆ ಅಂದಳು. ಅಲ್ಲಿ ಹಡಗಿನ ಎಂಜಿನ್ ರಿಪೇರಿ ಕಲಿಸುವ ಶಾಲೆ ಇದೆ. ಅವಳು ಚಿಕ್ಕಂದಿನಿಂದ ಗಿರಣಿಯ ಮೋಟಾರಿನ ಪಕ್ಕ ಕೂತು ಬೆಳೆದವಳು, ಅದು ಕೆಮ್ಮಿದರೆ ಯಾವ ಭಾಗಕ್ಕೆ ನೆಗಡಿ ಅಂತ ಹೇಳುತ್ತಿದ್ದಳು. ಯಜಮಾನರಿಗೆ ಹೆಮ್ಮೆಯಾಯಿತು, ಕೈಸನ್ನೆಯಲ್ಲೇ ಒಪ್ಪಿಗೆ ಕೊಟ್ಟುಬಿಟ್ಟರು. ನನಗೆ ಎದೆಗೆ ಒದ್ದ ಹಾಗಾಯಿತು. ನನ್ನ ದನಿ ಅವಳಿಗೆ ಮರಳುವ ದಿನ ಅವಳು ನನ್ನ ಅಂಗಳದಲ್ಲೇ ಇರಬೇಕು ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಹೊನ್ನಕ್ಕನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಅಂದೆ: “ಹೋಗಕೂಡದು ಅನ್ನು. ಹಡಗಂತೆ ಹಡಗು, ಈಜೋಕೆ ಬರಲ್ಲ ಕತ್ತೆಗೆ. ಅಮ್ಮಂಗೆ ನಿನ್ನ ಬಿಟ್ಟು ಇರೋಕಾಗಲ್ಲ ಅನ್ನು. ಹಿಂಗೇ ಹೇಳು ಹೊನ್ನಕ್ಕ, ನಿನ್ನ ಕಾಲಿಗೆ ಬೀಳ್ತೀನಿ.”

ಹೊನ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನು ಕಿಟಕಿಯ ಹಿಂದೆ ನಿಂತು ಕೇಳಿದೆ. ಅವಳು ಮೇದಿನಿಯ ಗಲ್ಲ ಹಿಡಿದು, “ಅಮ್ಮಂಗೆ ಸ್ವಲ್ಪ ಬೇಜಾರಿದೆ ಕಂದಾ, ಆದ್ರೂ ನಿನ್ನಿಷ್ಟ, ಚೆನ್ನಾಗಿ ಹೋಗಿ ಬಾ ಅಂತಿದಾಳೆ” ಅಂದಳು.

ಮೇದಿನಿ “ಅಷ್ಟೇನಾ?” ಅಂತ ಕೇಳಿದಳು. ಹೊನ್ನಕ್ಕ, “ಅಷ್ಟೇ ಚಿನ್ನ” ಅಂದಳು. ಹೊರಗೆ ಬಂದವಳು ನನ್ನ ಮುಖ ನೋಡಲಾರದೆ, “ಆ ಮಗು ಮುಖ ನೋಡಿ ಬೇಡ ಅನ್ನೋಕೆ ನಾಲಿಗೆ ಬರಲಿಲ್ಲ ವನಜಾ” ಅಂತ ಅತ್ತಳು. ಅವಳನ್ನು ಏನಂತ ಬೈಯಲಿ?

ಅವತ್ತಿನಿಂದ ಮೇದಿನಿ ನನ್ನ ಜೊತೆ ಮಾತು ಕಮ್ಮಿ ಮಾಡಿದಳು. ಮುಖ ಊದಿಸಿಕೊಂಡು ಬಟ್ಟೆ ಮಡಿಚುತ್ತಿದ್ದಳು, ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ಹೊರಡುವ ದಿನ ಹತ್ತಿರ ಬಂದಾಗ ಒಂದು ಸಂಜೆ ಕಾಂಪೌಂಡಿನ ಮೇಲೆ ಶಶಿಧರನ ಜೊತೆ ಕೂತು ಆಡಿದ ಮಾತು ನನ್ನ ಕಿವಿಗೆ ಬಿತ್ತು. ಮಕ್ಕಳ ದನಿ ನಮಗೆ ಕೇಳಿಸುವುದಕ್ಕೆ ಯಾವ ತಡೆಯೂ ಇಲ್ಲವಲ್ಲ.

“ಬೈಯೋದನ್ನೂ ಬಿಟ್ಟುಬಿಟ್ಟಿದಾಳೆ ಕಣೋ. ಒಂದು ಪಿನ್ನು ಕಳೆದ್ರೆ ಮನೆ ತಲೆ ಮೇಲೆ ಹೊತ್ಕೊಳ್ತಿದ್ಲು. ಈಗ ನಾನೇ ಹೋಗ್ತೀನಿ ಅಂದ್ರೂ ಹೋಗಿ ಬಾ ಅಂತಾಳೆ. ಜಗಳಾನೂ ಆಡ್ಲಿಲ್ಲ. ನಾನಿದ್ರೂ ಒಂದೇ, ಹೋದ್ರೂ ಒಂದೇ ಅವಳಿಗೆ.”

“ಒಂದೇ ಅಲ್ಲ ಕಣೇ!” ಅಂತ ನಾನು ಕಿಟಕಿಯಿಂದಲೇ ಕಿರುಚಿದೆ. ಶಶಿಧರ ಹೌಹಾರಿ ತಿರುಗಿದ. ಅವಳು, “ಯಾಕೋ? ಅಮ್ಮ ಏನಾದ್ರೂ ಅಂದ್ಲಾ?” ಅಂದಳು. ಅವನು ನನ್ನನ್ನೂ ಅವಳನ್ನೂ ನೋಡಿದ. ಬೇರೆ ಬಾಯಿಯ ಮಾತನ್ನು ಒಯ್ಯಬಾರದು ಅಂತ ಬೆಳೆದ ಹುಡುಗ. “ಏನಿಲ್ಲ, ಕೆಮ್ಮಿದ್ರು” ಅಂದ.

ಮಾನ ಬಿಟ್ಟು ನಾನು ಬರೆದೂ ನೋಡಿದೆ. ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆಯಲು ಕೂತರೆ, ಮೈಕಿನ ಭಾಷೆ ಬಿಟ್ಟು ಬೇರೆ ಏನೂ ಕೈಗೆ ಬರಲಿಲ್ಲ. ‘ಮೇದಿನಿಯವರ ಗಮನಕ್ಕೆ, ನಿಮ್ಮ ಪ್ರಯಾಣದಿಂದ ತಾಯಿಯವರಿಗೆ ಅನಾನುಕೂಲವಾಗಲಿದೆ’ ಅಂತ ಆಯಿತು. ಅದನ್ನು ಒಲೆಗೆ ಹಾಕಿದೆ. ಅವಳ ಕೈ ಹಿಡಿದುಕೊಂಡರೆ, ಸ್ವಲ್ಪ ಹೊತ್ತು ಹಿಡಿಸಿಕೊಂಡು, ಆಮೇಲೆ ಕೆಲಸವಿದೆ ಅಂತ ಬಿಡಿಸಿಕೊಂಡು ಹೋಗುತ್ತಿದ್ದಳು. ನನಗೆ ಬೇಕಾಗಿದ್ದದ್ದು ಇಷ್ಟೇ. ಅವಳು ಹೋಗಲಿ, ಆದರೆ ನಾನು ಯಾರೋ ಮೆತ್ತನೆಯ ಹೆಂಗಸು, ಮಗಳನ್ನು ಸಲೀಸಾಗಿ ಕಳಿಸಿಕೊಟ್ಟವಳು ಅಂದುಕೊಂಡು ಹೋಗದಿರಲಿ. ಕಿವಿ ಮರಳುವವರೆಗೂ ಅವಳು ಆ ಸುಳ್ಳು ತಾಯಿಯ ಜೊತೆಯಲ್ಲೇ ಬದುಕಬೇಕಲ್ಲ ಅನ್ನುವುದು ನನಗೆ ತಡೆಯಲಾಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ನನಗೆ ರಜೆ ಕೊಡುತ್ತೇವೆ ಅಂದರು, ಬೇಡ ಅಂದೆ. ಕೆಳಗೆ ಅವಳ ಪಕ್ಕ ನಿಂತು ಮಾಡುವುದೇನು? ಯಜಮಾನರು ಟ್ರಂಕು ಹೊತ್ತರು, ಹೊನ್ನಕ್ಕ ಚಕ್ಕುಲಿಯ ಡಬ್ಬಿ ಹಿಡಿದು ಅವಳ ಜೊತೆ ಹೋದಳು. ನಾನು ಗಾಜಿನ ಕೋಣೆಯಲ್ಲಿ ಕೂತೆ. ಕಡಲೂರಿನ ಬಸ್ಸು ಬಂದು ನಿಂತಿತು. ಮೈಕಿನ ಗುಂಡಿ ಒತ್ತಿ, “ಪ್ರಯಾಣಿಕರ ಗಮನಕ್ಕೆ, ಕಡಲೂರಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ” ಅಂದೆ. ಮಲಗಿದ್ದವರು ಎದ್ದರು, ಕಡಲೆಕಾಯಿಯವನು ತಲೆ ಎತ್ತಿದ, ಮಕ್ಕಳು ತಾಯಂದಿರನ್ನು ಎಳೆದರು. ಇಡೀ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಮಾತ್ರ ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತ ನಿಂತಿದ್ದಳು.

ಅದನ್ನು ನೋಡಿದ ಮೇಲೆ ನನ್ನ ತಲೆ ನನ್ನ ಹಿಡಿತದಲ್ಲಿ ಇರಲಿಲ್ಲ. ಗುಂಡಿ ಬಿಡದೆ, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ: “ಹೊನ್ನಕ್ಕ, ಹೇಳು ಅವಳಿಗೆ. ಲೇ ಹಟಮಾರಿ, ನೀನು ಹೋಗೋದು ನಂಗೆ ಚೂರೂ ಇಷ್ಟ ಇಲ್ಲ. ಅವತ್ತೂ ಬೇಡ ಅಂದಿದ್ದೆ, ಇವತ್ತೂ ಬೇಡ ಅಂತೀನಿ. ಆದ್ರೂ ಹೋಗು. ನನ್ನ ಮುಖ ನೋಡಿ ಹೋಗೋದು ಬಿಟ್ಟು ಇಲ್ಲೇ ಕೂತ್ಯೋ, ಕಾಲು ಮುರೀತೀನಿ.” ಹೇಳುತ್ತ ಮೇಜಿಗೆ ಗುದ್ದಿದೆ, ಆ ಸದ್ದೂ ಮೈಕಿನಲ್ಲಿ ಹೋಯಿತು.

ಯಾರೂ ನಗಲಿಲ್ಲ. ನಮ್ಮೂರಿನವರು ಇಂಥದಕ್ಕೆ ನಗುವುದಿಲ್ಲ, ಆದರೆ ಎಲ್ಲರೂ ಮೇಲೆ ನೋಡಿದರು. ಅವರನ್ನು ನೋಡಿ ಮೇದಿನಿಯೂ ಮೇಲೆ ನೋಡಿದಳು. ಹೊನ್ನಕ್ಕ ಅವಳ ತೋಳು ಹಿಡಿದು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಹುಷಾರಾಗಿ ಹೋಗಿ ಬಾ ಕಂದಾ ಅಂದಿರುತ್ತಾಳೆ. ಮೇದಿನಿ ಹೊನ್ನಕ್ಕನನ್ನು ನೋಡಿದಳು, ಗಾಜಿನ ಹಿಂದೆ ಕೆಂಪಗಾಗಿದ್ದ ನನ್ನನ್ನು ನೋಡಿದಳು, ಸುತ್ತ ಬಾಯಿ ತೆರೆದು ನಿಂತಿದ್ದ ಜನರನ್ನು ನೋಡಿದಳು. ಬಾಯಿಬದಲಿಯ ಮಾತು ನಡೆಯುವಾಗ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು.

ಆಮೇಲೆ ಅವಳು ಕೂಗಿದ್ದು ನನಗೆ ಮಹಡಿಯ ಮೇಲಕ್ಕೂ ಕೇಳಿಸಿತು. “ಸುಳ್ಳು! ಆ ಮುಖ ಮಾಡ್ಕೊಂಡು ನಮ್ಮಮ್ಮ ಕಂದಾ ಅನ್ನಲ್ಲ. ಏನಂದ್ಲು ಸರಿಯಾಗಿ ಹೇಳಿ ಹೊನ್ನತ್ತೆ!”

ನಮ್ಮೂರಲ್ಲಿ ಯಾವ ಮಗುವೂ ಬಾಯಿಯಾದವರಿಗೆ ಹಾಗೆ ಅಂದದ್ದಿಲ್ಲ. ಹೊನ್ನಕ್ಕ ಚಕ್ಕುಲಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅತ್ತಳು. ಆಮೇಲೆ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಈರಣ್ಣನ ಕಡೆ ತಿರುಗಿ, “ನನ್ನ ಬಾಯಲ್ಲಿ ಆ ಮಾತು ಬರಲ್ಲ ಕಣಪ್ಪ. ನೀನು ಹೇಳು. ಅವಳಂದ ಹಾಗೇ ಹೇಳು” ಅಂದಳು. ತನ್ನ ಹಕ್ಕನ್ನು ಎಲ್ಲರ ಮುಂದೆ ಬಿಟ್ಟುಕೊಟ್ಟಳು ಹೊನ್ನಕ್ಕ. ನಾನಾಗಿದ್ದರೆ ಬಿಟ್ಟುಕೊಡುತ್ತಿರಲಿಲ್ಲ.

ಈರಣ್ಣ ಜೀವಮಾನವೆಲ್ಲ ಕೂಗಿ ಕೂಗಿ ಗಂಟಲು ಒಡೆದುಕೊಂಡ ಮನುಷ್ಯ, ಮಾತನ್ನು ಮೆತ್ತಗೆ ಮಾಡುವ ವಿದ್ಯೆ ಅವನಿಗೆ ಗೊತ್ತೇ ಇಲ್ಲ. ಟಿಕೆಟ್ ಚೀಲವನ್ನು ಹಿಂದಕ್ಕೆ ಸರಿಸಿ, ನನ್ನ ಒಂದೊಂದು ಮಾತನ್ನೂ ಅಷ್ಟೇ ಜೋರಾಗಿ ಒದರಿದ. “ಲೇ ಹಟಮಾರಿ” ಅಂದ. “ಚೂರೂ ಇಷ್ಟ ಇಲ್ಲ” ಅಂದ. “ಅವತ್ತೂ ಬೇಡ ಅಂದಿದ್ದೆ” ಅಂದಾಗ ಮೇದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಕಾಲು ಮುರೀತೀನಿ” ಅಂತ ಬಸ್ಸಿನ ತಗಡಿಗೆ ಗುದ್ದಿದ. ಯಜಮಾನರು ಟ್ರಂಕಿನ ಮೇಲೆ ಕೂತುಬಿಟ್ಟರು.

“ಬೇಡ ಅಂದಿದ್ದೆ ಅಂದ್ರೆ?” ಮೇದಿನಿ ನನ್ನ ಕಡೆ ಕೈ ನೀಡಿ ಕಿರುಚಿದಳು. “ಒಂದ್ಸಲ ಬಂದು ನನ್ನೆದುರು ನಿಂತು ಗಲಾಟೆ ಮಾಡೋಕೆ ಆಗ್ತಿರಲಿಲ್ವಾ? ಒಂದು ತಟ್ಟೆ ಎಸೆಯೋಕೆ ಆಗ್ತಿರಲಿಲ್ವಾ? ದಿನಾ ರಾತ್ರಿ ಅಳ್ತಿದ್ದೆ ನಾನು!”

“ತಟ್ಟೆ ಎಸೆದ್ರೆ ತೊಳೆಯೋರು ಯಾರು, ನಿಮ್ಮಪ್ಪನಾ? ಅಳ್ತಿದ್ರೆ ನನ್ನ ಹತ್ರ ಬಂದು ಅಳೋಕೆ ಏನಾಗಿತ್ತು ರೋಗ?” ಅಂದೆ ಮೈಕಿನಲ್ಲಿ. ಈರಣ್ಣ ಅದನ್ನೂ ರೋಗದ ಸಮೇತ ಮುಟ್ಟಿಸಿದ.

ಹಾಗೆ ಶುರುವಾಯಿತು. ಎಷ್ಟೋ ತಿಂಗಳಿಂದ ಆಡದೆ ಉಳಿದ ಜಗಳವೆಲ್ಲ ಆಡಿದೆವು. ಅವಳು ಕೆಳಗಿನಿಂದ, ನಾನು ಮೇಲಿನಿಂದ, ನಡುವೆ ಬೆವರು ಸುರಿಸುತ್ತ ಈರಣ್ಣ. ಈಜು ಕಲಿಯದೆ ನೀರಿಗೆ ಇಳಿದರೆ ಹುಷಾರು ಅಂದೆ. ಕಲಿತೇ ಇಳೀತೀನಿ, ನಿಂಗೆ ಯಾವಾಗ್ಲೂ ಹೆದರಿಕೆ ಅಂದಳು. ಎಣ್ಣೆ ಹಚ್ಚಿದ ಕೂದಲನ್ನು ಯಂತ್ರಕ್ಕೆ ಕೊಟ್ಟು ಕೂರಬೇಡ ಅಂದೆ. ನಿನಗೆ ನನ್ನ ಕೂದಲು ಬಿಟ್ಟರೆ ಬೇರೆ ಏನೂ ಕಾಣಿಸುವುದಿಲ್ಲ ಅಂದಳು. ಹೌದು, ಕಾಣಿಸುವುದಿಲ್ಲ ಅಂದೆ. ಈರಣ್ಣ ಅದನ್ನೂ ಅಷ್ಟೇ ಜೋರಾಗಿ ಮುಟ್ಟಿಸಿದ. ಅವಳು ನಕ್ಕಳು. ನನ್ನ ಮಗಳು ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಡ್ರೈವರ್ ಹಾರ್ನ್ ಹಾಕಿದ. ಜನ ಹತ್ತಿ ಕೂತಿದ್ದರು. ಟ್ರಂಕು ಮೇಲೆ ಹೋಯಿತು, ಹೊನ್ನಕ್ಕನ ಡಬ್ಬಿ ಕಿಟಕಿಯಿಂದ ಒಳಗೆ ಹೋಯಿತು. ಮೇದಿನಿ ಹೊನ್ನಕ್ಕನ ಕಾಲು ಮುಟ್ಟಿ, ಅಪ್ಪನನ್ನು ತಬ್ಬಿಕೊಂಡು ಒಳಗೆ ಹತ್ತಿದಳು. ಈರಣ್ಣ ಫುಟ್‌ಬೋರ್ಡಿನ ಮೇಲೆ ನಿಂತು, ಸೀಟಿಯನ್ನು ಬಾಯಿಗೆ ಇಡುವ ಮುಂಚೆ ಮೇಲೆ ನೋಡಿ ಕೇಳಿದ: “ಅಮ್ಮಾ, ಜಗಳ ಮುಗೀತಾ? ಗಾಡಿ ಬಿಡ್ಲಾ?”

ನಾನು ಗುಂಡಿ ಒತ್ತಿದೆ. “ಮುಗೀಲಿಲ್ಲ” ಅಂದೆ. “ಬಿಡು.”

ಅವನು ಒಳಗೆ ಬಗ್ಗಿ ಅವಳಿಗೆ ಹೇಳಿದ. ಬಸ್ಸು ಹೊರಟಿತು. ಮೇದಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೇಲೆ ನನ್ನ ಕಡೆ ನೋಡಿ, “ಗೊತ್ತು!” ಅಂತ ಕೂಗಿದಳು.